ಕಲ್ಲು ಮತ್ತು ಕಡತ: ಹಂಪಿ ಜಗತ್ತಿನ ಸ್ವತ್ತಾದ ಇತಿಹಾಸ

ವಿಜಯನಗರದ ರಾಜಧಾನಿಯಲ್ಲಿ ಇಂದು ಉಳಿದಿರುವುದು ಬಹುಪಾಲು ಆ ನಗರದ ಕಲ್ಲಿನ ಭಾಗ ಮಾತ್ರ. ಅರಮನೆಗಳ ಕಂಬ, ತೊಲೆ, ಚಾವಣಿಗಳು ಮರದವಾಗಿದ್ದವು. ದೇವಾಲಯಗಳ ಗೋಪುರಗಳು ಕಲ್ಲಿನ ಅಡಿಪಾಯದ ಮೇಲೆ ಇಟ್ಟಿಗೆ ಗಾರೆಗಳಿಂದ ಎದ್ದಿದ್ದವು. ಗೋಡೆಗಳಿಗೆ ಗಾರೆಯ ಲೇಪವೂ ಅದರ ಮೇಲೆ ಬಣ್ಣವೂ ಇದ್ದವು. ತಾಳಿಕೋಟೆಯ ಕದನವೆಂದೂ ರಕ್ಕಸಗಿ–ತಂಗಡಗಿ ಯುದ್ಧವೆಂದೂ ಕರೆಯಲಾಗುವ 1565ರ ಜನವರಿಯ ಕಾಳಗದಲ್ಲಿ ಅಳಿಯ ರಾಮರಾಯನು ಮಡಿದು, ಅರಸುಮನೆತನವು ಪೆನುಗೊಂಡೆಗೆ ಸರಿದು, ಕಾವಲಿಲ್ಲದ ನಗರವು ಸೂರೆಯಾದ ಮೇಲೆ, ಮರವು ಬೆಂಕಿಗೆ ತುತ್ತಾಯಿತು, ಇಟ್ಟಿಗೆ ಗಾರೆಗಳು ನಾಲ್ಕು ಶತಮಾನಗಳ ಮಳೆಗೆ ಕರಗಿದವು. ಆದುದರಿಂದ ಹಂಪಿಯ ಅರಮನೆಗಳ ಆವರಣದಲ್ಲಿ ನಿಂತವರಿಗೆ ಕಾಣುವುದು ಒಂದರ ಪಕ್ಕ ಒಂದರಂತೆ ಹಬ್ಬಿದ ಜಗತಿಗಳು, ಅಂದರೆ ಕಟ್ಟಡಗಳು ನಿಂತಿದ್ದ ಎತ್ತರದ ಕಲ್ಲುಕಟ್ಟೆಗಳು. ಅವುಗಳ ಮೇಲೆ ಏನಿತ್ತು, ಯಾರಿದ್ದರು, ಏನು ನಡೆಯುತ್ತಿತ್ತು ಎಂಬುದನ್ನು ಆ ಕಟ್ಟೆಗಳೇ ಹೇಳಲಾರವು. ಅದನ್ನು ಹೇಳುವುದು ಬರಹ, ನಕ್ಷೆ, ಚಿತ್ರ ಮತ್ತು ಶಾಸನ. ಹಂಪಿಯು ಒಂದು ಪಾಳೂರಿನ ಸ್ಥಿತಿಯಿಂದ ಜಗತ್ತೇ ಕಾಪಾಡಬೇಕೆಂದು ಒಪ್ಪಿಕೊಂಡ ತಾಣವಾದ ಕತೆಯು ಬಹುಮಟ್ಟಿಗೆ ಅದನ್ನು ದಾಖಲಿಸಿದವರ ಕತೆ. ಪಾರಂಪರಿಕ ತಾಣವೊಂದು ಜಗತ್ತಿಗೆ ಏಕೆ ಮುಖ್ಯ ಎಂಬ ಪ್ರಶ್ನೆಗೆ ಈ ಕತೆಯಲ್ಲಿ ಸಿಗುವಷ್ಟು ಸ್ಪಷ್ಟ ಉತ್ತರ ಸಾಮಾನ್ಯ ಸಿದ್ಧಾಂತಗಳಲ್ಲಿ ಸಿಗುವುದಿಲ್ಲ.

ಹರಿಹರ ಮತ್ತು ಬುಕ್ಕರು 1336ರಲ್ಲಿ ಸ್ಥಾಪಿಸಿದರೆಂದು ಪರಂಪರೆಯು ಹೇಳುವ ಈ ರಾಜ್ಯದ ರಾಜಧಾನಿಯನ್ನು ಮೊದಮೊದಲು ಬಣ್ಣಿಸಿದ ಹೊರನಾಡಿಗರಲ್ಲಿ ವೆನಿಸ್ಸಿನ ವರ್ತಕ ನಿಕೊಲೊ ಕೊಂಟಿಯೂ ಒಬ್ಬ. ಅವನು ಇಲ್ಲಿಗೆ ಬಂದದ್ದು 1420ರ ಸುಮಾರಿಗೆ. ತಾಯ್ನಾಡಿಗೆ ಮರಳಿದ ಮೇಲೆ ಅವನು ಹೇಳಿದ್ದನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜಿಯೊ ಬ್ರಾಚ್ಚೊಲಿನಿ ಲ್ಯಾಟಿನಿನಲ್ಲಿ ಬರೆದಿಟ್ಟ. ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿ 1443ರಲ್ಲಿ ಬಂದ ಅಬ್ದುರ್ ರಜಾಕನು ಒಂದರೊಳಗೊಂದಾಗಿ ಏಳು ಸುತ್ತಿನ ಕೋಟೆಗಳನ್ನೂ ಅರಮನೆಯ ಬಳಿಯ ಉದ್ದನೆಯ ಅಂಗಡಿಬೀದಿಗಳನ್ನೂ ಪಾರಸಿ ಭಾಷೆಯಲ್ಲಿ ವಿವರಿಸಿದ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಆಸುಪಾಸಿನಲ್ಲಿ, ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದ. ಅಚ್ಯುತರಾಯನ ಕಾಲದಲ್ಲಿ ಕುದುರೆ ವ್ಯಾಪಾರಿ ಫೆರ್ನಾವೊ ನುನೀಜ್ ರಾಜ್ಯದ ಚರಿತ್ರೆಯನ್ನೇ ಬರೆಯಲು ಯತ್ನಿಸಿದ. ಪಾಯಸನ ಬರಹದಲ್ಲಿ ಅರಮನೆಯೊಳಗಿನ ಒಂದು ಕೋಣೆಯ ವರ್ಣನೆ ಬರುತ್ತದೆ. ಅದು ಮೇಲಿನಿಂದ ಕೆಳಗಿನವರೆಗೆ ದಂತದ ಕೆಲಸದಿಂದ ತುಂಬಿತ್ತು, ಅಲ್ಲಿ ಗುಲಾಬಿ ಮತ್ತು ತಾವರೆಗಳನ್ನು ಕಡೆದಿದ್ದರು ಎಂದು ಅವನು ಹೇಳುತ್ತಾನೆ. ಆ ದಂತದ ಒಂದು ಚೂರೂ ಇಂದು ಆ ಜಗತಿಗಳ ಮೇಲೆ ಇಲ್ಲ. ಆ ಕೋಣೆಯು ಉಳಿದಿರುವುದು ಆ ಕೆಲವು ಸಾಲುಗಳಲ್ಲಿ ಮಾತ್ರ.

ಹೊರಗಿನವರ ಈ ಬರಹಗಳಿಗೆ ಸಿಗುವ ಪ್ರಚಾರದಿಂದಾಗಿ ನಗರವು ತನ್ನನ್ನು ತಾನೇ ದಾಖಲಿಸಿಕೊಂಡ ಬಗೆಯು ಮರೆಗೆ ಸರಿಯುವುದುಂಟು. ಹಂಪಿಯ ಬಂಡೆ, ಕಂಬ, ಗೋಡೆಗಳ ಮೇಲಿನ ಕನ್ನಡ, ಸಂಸ್ಕೃತ, ತೆಲುಗು, ತಮಿಳು ಶಾಸನಗಳು ದಾನ ಕೊಟ್ಟವರು ಯಾರು, ಯಾವ ಊರಿನ ಆದಾಯವನ್ನು ಯಾವ ದೇವರ ಯಾವ ಸೇವೆಗೆ ಬಿಟ್ಟರು, ಪ್ರಸಾದದ ಪಾಲು ಯಾರಿಗೆ ಸಲ್ಲಬೇಕು ಎಂಬುದನ್ನೆಲ್ಲ ಕರಾರುವಾಕ್ಕಾಗಿ ಹೇಳುತ್ತವೆ. ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ ರಂಗಮಂಟಪ ಕಟ್ಟಿಸಿದ ಸಂಗತಿಯು 1510ರ ಶಾಸನದಿಂದಲೇ ತಿಳಿಯುತ್ತದೆ. ಗಾಣಗಿತ್ತಿಯ ಗುಡಿ ಎಂದು ಜನರು ಕರೆಯುವ ಜೈನ ಬಸದಿಯು ಕುಂಥುನಾಥ ತೀರ್ಥಂಕರನದೆಂದೂ ಅದನ್ನು ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದನೆಂದೂ ಹೇಳುವುದು ಅದರ ಮುಂದಿನ ದೀಪಸ್ತಂಭದ ಮೇಲಿನ ಸಂಸ್ಕೃತ ಶಾಸನ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯ ಶಾಸನವಂತೂ ವಿಶೇಷ ಗಮನಕ್ಕೆ ಅರ್ಹವಾದದ್ದು. ಆ ಕಟ್ಟಡಕ್ಕೆ ಗುಮ್ಮಟವಿಲ್ಲ; ಅದು ಸುತ್ತಲಿನ ಕಂಬಗಳ ಮಂಟಪಗಳಂತೆಯೇ ಇದೆ; ಶಾಸನವು ಅದನ್ನು ಧರ್ಮಸಾಲೆ ಎಂದು ಕರೆದು, ಅಹಮದ್ ಖಾನನು ತನ್ನ ಒಡೆಯನಾದ ದೇವರಾಯನಿಗೆ ಪುಣ್ಯವಾಗಲೆಂದು ಅದನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ವಿಜಯನಗರವನ್ನು ಒಂದು ಧರ್ಮದ ಕೋಟೆಯೆಂದು ಮಾತ್ರ ಬಣ್ಣಿಸುವ ವಾದಗಳೆಲ್ಲ ಈ ಒಂದು ಶಾಸನದ ಮುಂದೆ ತಮ್ಮನ್ನು ತಿದ್ದಿಕೊಳ್ಳಬೇಕಾಗುತ್ತದೆ, ಮತ್ತು ಆ ತಿದ್ದುಪಡಿ ಸಾಧ್ಯವಾಗುವುದು ಶಾಸನವೂ ಅದು ಸೇರಿದ ಕಟ್ಟಡವೂ ಅದೇ ಜಾಗದಲ್ಲಿ ಉಳಿದಿರುವುದರಿಂದ.

ಕಲ್ಲುಕುಟಿಗರೂ ತಮ್ಮ ಕೆಲಸದ ಲೆಕ್ಕವನ್ನು ಕಲ್ಲಿನ ಮೇಲೆಯೇ ಬಿಟ್ಟುಹೋಗಿದ್ದಾರೆ. ಅರಮನೆಯ ಆವರಣದಲ್ಲಿ ಮಣ್ಣಿನಡಿ ಹೂತುಹೋಗಿದ್ದು 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯು ಕಪ್ಪು ಶಿಲೆಯ ತುಂಡುಗಳನ್ನು ಜೋಡಿಸಿ ಮಾಡಿದ್ದು. ಅದರ ಹಲವು ಕಲ್ಲುಗಳ ಮೇಲೆ ಆ ಕಲ್ಲು ಯಾವ ದಿಕ್ಕಿಗೆ, ಎಷ್ಟನೆಯ ಹಂತಕ್ಕೆ, ಸಾಲಿನಲ್ಲಿ ಎಷ್ಟನೆಯ ಸ್ಥಾನಕ್ಕೆ ಸೇರಬೇಕೆಂಬ ಗುರುತುಗಳಿವೆ. ಕಲ್ಲುಗಳನ್ನು ಬೇರೆ ಕಡೆ ಕಡೆದು ಸಿದ್ಧಪಡಿಸಿ, ಇಲ್ಲಿಗೆ ತಂದು ಕೂಡಿಸಿದರೆಂದು ವಿದ್ವಾಂಸರು ಊಹಿಸುವುದು ಈ ಗುರುತುಗಳ ಆಧಾರದಿಂದ. ಆ ಕಾಲದ ಕಟ್ಟಡಗಾರರ ಯೋಜನಾಕ್ರಮದ ಬಗ್ಗೆ ಇಷ್ಟು ನೇರವಾದ ಸಾಕ್ಷ್ಯವು ಯಾವ ಗ್ರಂಥದಲ್ಲಿಯೂ ಇಲ್ಲ. ಉತ್ಖನನದ ವೇಳೆ ಆ ಕಲ್ಲುಗಳನ್ನು ಬರಿಯ ಕಲ್ಲುಗಳೆಂದು ಎತ್ತಿ ರಾಶಿ ಹಾಕಿದ್ದರೆ ಅದು ಶಾಶ್ವತವಾಗಿ ಕಳೆದುಹೋಗುತ್ತಿತ್ತು.

ಆಧುನಿಕ ಅರ್ಥದಲ್ಲಿ ಹಂಪಿಯ ದಾಖಲೀಕರಣವು 1799ರಲ್ಲಿ ಆರಂಭವಾಯಿತು. ಟಿಪ್ಪು ಸುಲ್ತಾನನ ಪತನದ ಆ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಅಧಿಕಾರಿ ಕಾಲಿನ್ ಮೆಕೆಂಜಿಯು ಹಂಪಿಗೆ ಬಂದು, ಪಾಳು ನಗರದ ಮೊದಲ ಭೂಮಾಪನ ನಕ್ಷೆಯನ್ನು ಮಾಡಿಸಿದನು. ಮುಂದೆ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಈತನ ಕೆಲಸದ ಹಿಂದೆ ಇದ್ದವರು ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯ ಸಹಾಯಕರು. ಊರೂರಿಗೆ ಹೋಗಿ ಶಾಸನಗಳನ್ನು ನಕಲು ಮಾಡಿದವರು, ಶಾನುಭೋಗರನ್ನೂ ಹಿರಿಯರನ್ನೂ ವಿಚಾರಿಸಿ ಕೈಫಿಯತ್ತುಗಳನ್ನು, ಅಂದರೆ ಊರಿನ ಹುಟ್ಟು, ಆಡಳಿತ, ದೇವಸ್ಥಾನ, ಇನಾಮುಗಳ ಸ್ಥಳೀಯ ವೃತ್ತಾಂತಗಳನ್ನು, ಬರೆಸಿಕೊಂಡವರು ಅವರು. ಆಳುವವರ ಕಂದಾಯದ ಅಗತ್ಯವೂ ಕುತೂಹಲವೂ ಬೆರೆತ ಈ ಸಂಗ್ರಹದ ಉದ್ದೇಶ ನಿರ್ಮಲವಾಗಿತ್ತೆಂದು ಹೇಳಲಾಗದು. ಆದರೂ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಓದಿದವರಿಗೆ, ಆ ಸಹಾಯಕರು ಅಂದು ಬರೆದುಕೊಳ್ಳದಿದ್ದರೆ ಎಷ್ಟು ಊರುಗಳ ಚರಿತ್ರೆಯು ಹೇಳುವವರೊಂದಿಗೇ ಮಣ್ಣಾಗುತ್ತಿತ್ತೆಂಬುದು ತಿಳಿಯುತ್ತದೆ.

ನಕ್ಷೆಯ ನಂತರ ಬಂದದ್ದು ಛಾಯಾಚಿತ್ರ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ, ಭಾರತಕ್ಕೆ ಛಾಯಾಗ್ರಹಣವು ಕಾಲಿಟ್ಟು ಹೆಚ್ಚು ಕಾಲ ಕಳೆದಿರದ ಹೊತ್ತಿನಲ್ಲಿ, ಮೇಣ ಸವರಿದ ಕಾಗದವನ್ನು ನೆಗೆಟಿವ್ ಆಗಿ ಬಳಸುವ ಕಷ್ಟದ ವಿಧಾನದಿಂದ ಹಂಪಿಯ ಸುಮಾರು 60 ಚಿತ್ರಗಳನ್ನು ತೆಗೆದನು. ಆ ನೆಗೆಟಿವ್‌ಗಳು ಶತಮಾನಕ್ಕೂ ಮಿಕ್ಕಿ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದು, 1980ರ ಸುಮಾರಿಗೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ವಾಸ್ತು ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ 127 ವರ್ಷಗಳಲ್ಲಿ ಬಿದ್ದದ್ದು, ನಿಂತದ್ದು, ದುರಸ್ತಿಯಾದದ್ದು, ಸ್ವಚ್ಛಗೊಂಡದ್ದು ಎಲ್ಲವೂ ಬಯಲಾಗುತ್ತದೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ವಿಠ್ಠಲ ದೇವಾಲಯದ ಕಲ್ಲಿನ ರಥ. ಇದು ನಿಜದಲ್ಲಿ ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಗ್ರೀನ್‌ಲಾನ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಇಂದು ಆ ಶಿಖರವಿಲ್ಲ. 2017ರಲ್ಲಿ ಚಲಾವಣೆಗೆ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ದೇಶದ ಕೋಟ್ಯಂತರ ಜನರು ನೋಡುವುದು ಶಿಖರವಿಲ್ಲದ ರಥವನ್ನು, ಮತ್ತು ಅದೇ ಅದರ ಮೂಲರೂಪವೆಂಬ ನಂಬಿಕೆಯು ಎಲ್ಲೆಡೆ ಇದೆ. ಒಂದು ಹಳೆಯ ಚಿತ್ರವು ಇಲ್ಲದಿದ್ದರೆ ಈ ನಂಬಿಕೆಯನ್ನು ಪ್ರಶ್ನಿಸಲು ಯಾರಿಗೂ ಆಧಾರವಿರುತ್ತಿರಲಿಲ್ಲ. ದಾಖಲೆಯು ಸ್ಮಾರಕವನ್ನು ಹಾಳುಮಾಡಿದವರ ಮೇಲೆ ಮಾತ್ರವಲ್ಲ, ಅದನ್ನು ಕಾಪಾಡುವವರು ಮಾಡಿದ ಬದಲಾವಣೆಗಳ ಮೇಲೂ ಸಾಕ್ಷಿ ಹೇಳುತ್ತದೆ. ಸಂರಕ್ಷಣೆಯನ್ನು ಗಂಭೀರವಾಗಿ ತೆಗೆದುಕೊಳ್ಳುವ ಯಾವ ಇಲಾಖೆಗಾದರೂ ಇದು ಬೇಕಾದ ಕಾವಲು.

ಬಳ್ಳಾರಿಯಲ್ಲಿ ಆಡಳಿತಾಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್‌ನ ಕೊಡುಗೆಯು ಬೇರೆ ಬಗೆಯದು. ಪಾಯಸ್ ಮತ್ತು ನುನೀಜರ ಹಸ್ತಪ್ರತಿಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇದ್ದವು. ಅವುಗಳನ್ನು ದಾವಿದ್ ಲೋಪೆಸ್ ಎಂಬ ಪೋರ್ಚುಗೀಸ್ ವಿದ್ವಾಂಸನು 1897ರಲ್ಲಿ ಪ್ರಕಟಿಸಿದನು. ಮೂರೇ ವರ್ಷಗಳಲ್ಲಿ ಸೆವೆಲ್ ಅವುಗಳನ್ನು ಇಂಗ್ಲಿಷಿಗೆ ತಂದು, ಶಾಸನ ಮತ್ತು ಇತರ ಆಧಾರಗಳೊಂದಿಗೆ ಹೊಂದಿಸಿ, 1900ರಲ್ಲಿ ವಿಜಯನಗರದ ಇತಿಹಾಸವನ್ನು ಹೊರತಂದನು. ಆ ಗ್ರಂಥದ ಹಲವು ತೀರ್ಮಾನಗಳು, ವಿಶೇಷವಾಗಿ ವಿಜಯನಗರವನ್ನು ಮುಸ್ಲಿಂ ವಿಸ್ತರಣೆಗೆ ಅಡ್ಡಲಾಗಿ ನಿಂತ ಹಿಂದೂ ಗೋಡೆಯೆಂದು ಕಾಣುವ ಅದರ ದೃಷ್ಟಿ, ಮುಂದಿನ ಸಂಶೋಧನೆಯಲ್ಲಿ ಪರಿಷ್ಕಾರಗೊಂಡಿವೆ. ಆದರೆ ನೆಲದ ಮೇಲಿನ ಅವಶೇಷವನ್ನೂ ದೂರದೇಶದ ಕಪಾಟಿನ ಹಸ್ತಪ್ರತಿಯನ್ನೂ ಒಟ್ಟಿಗಿಟ್ಟು ಓದುವ ಕ್ರಮವು ಅಲ್ಲಿಂದ ನೆಲೆಗೊಂಡಿತು. ಅದೇ ಕಾಲಕ್ಕೆ ಶಾಸನತಜ್ಞರು ಪಡಿಯಚ್ಚುಗಳನ್ನು ತೆಗೆಯುತ್ತಿದ್ದರು. ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳಿಗೆ ಕಾಗದವು ಇಳಿಯುವಂತೆ ಕುಂಚದಿಂದ ಬಡಿದು, ಮಸಿ ಹಚ್ಚಿ ಮೂಲದ ಅಚ್ಚನ್ನು ಪಡೆಯುವುದಕ್ಕೆ ಪಡಿಯಚ್ಚು ಎನ್ನುತ್ತಾರೆ. ಇ. ಹುಲ್ಟ್ಶ್ 1890ರಲ್ಲಿ ಹೊರತಂದ ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟದಲ್ಲೇ ಇರುಗಪ್ಪನ ಶಾಸನವು ಸೇರಿದೆ. ಎ. ಎಚ್. ಲಾಂಗ್‌ಹರ್ಸ್ಟ್ 1917ರಲ್ಲಿ ಪ್ರಕಟಿಸಿದ ಹಂಪಿಯ ಅವಶೇಷಗಳ ಕೈಪಿಡಿಯು ಸಾಮಾನ್ಯ ಸಂದರ್ಶಕನಿಗೂ ಈ ತಿಳಿವಳಿಕೆಯನ್ನು ತಲುಪಿಸಿತು.

ಸ್ಮಾರಕವೊಂದು ಒಂದು ದೇಶದ ಒಳಗಿದ್ದೂ ಎಲ್ಲ ದೇಶಗಳ ಹೊಣೆಯಾಗಬಹುದು ಎಂಬ ವಿಚಾರವು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗಟ್ಟಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ವಾರ್ಸಾ ನಗರದ ಹಳೆಯ ಪೇಟೆಯನ್ನು ಪೋಲೆಂಡಿನವರು ಮತ್ತೆ ಕಟ್ಟಲು ಸಾಧ್ಯವಾದದ್ದು, ಹದಿನೆಂಟನೆಯ ಶತಮಾನದಲ್ಲಿ ಚಿತ್ರಕಾರ ಬೆಲ್ಲೊತ್ತೊ ಬರೆದ ನಗರದೃಶ್ಯಗಳೂ ಯುದ್ಧಕ್ಕೆ ಮುಂಚೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ತಯಾರಿಸಿದ್ದ ಅಳತೆಯ ನಕ್ಷೆಗಳೂ ಉಳಿದಿದ್ದುದರಿಂದ. ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಅಬು ಸಿಂಬೆಲ್ ಸೇರಿದಂತೆ ನ್ಯೂಬಿಯಾದ ದೇವಾಲಯಗಳು ಮುಳುಗುವ ಭೀತಿ ಎದುರಾದಾಗ, ಯುನೆಸ್ಕೋ 1960ರಲ್ಲಿ ಜಗತ್ತಿನ ರಾಷ್ಟ್ರಗಳ ನೆರವನ್ನು ಕೋರಿತು. 1964ರಿಂದ 1968ರವರೆಗೆ ಇಮ್ಮಡಿ ರಾಮ್ಸೆಸ್‌ನ ಬಂಡೆಗುಡಿಗಳನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಎತ್ತರದ ನೆಲೆಯಲ್ಲಿ ಮತ್ತೆ ಜೋಡಿಸಲಾಯಿತು. ಈ ಸಾಹಸಕ್ಕೆ ಮುಂಚೆಯೇ, 1955ರಲ್ಲಿ, ಯುನೆಸ್ಕೋ ನೆರವಿನಿಂದ ಕೈರೋದಲ್ಲಿ ಪ್ರಾಚೀನ ಈಜಿಪ್ಟಿನ ಸ್ಮಾರಕಗಳ ದಾಖಲೀಕರಣಕ್ಕೆಂದೇ ಒಂದು ಕೇಂದ್ರವು ಸ್ಥಾಪನೆಯಾಗಿತ್ತು ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಈ ಅನುಭವದ ಬಲದಿಂದ 1972ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಪರಂಪರೆಯ ಒಡಂಬಡಿಕೆಯು ರೂಪುಗೊಂಡಿತು. ಭಾರತವು 1977ರಲ್ಲಿ ಅದನ್ನು ಅನುಮೋದಿಸಿತು. ಅಜಂತಾ, ಎಲ್ಲೋರಾ, ಆಗ್ರಾ ಕೋಟೆ, ತಾಜಮಹಲುಗಳು 1983ರಲ್ಲಿ ದೇಶದ ಮೊದಲ ವಿಶ್ವ ಪರಂಪರೆಯ ತಾಣಗಳಾದವು.

ಒಡಂಬಡಿಕೆಯ ತಿರುಳು ಅಸಾಧಾರಣ ಸಾರ್ವತ್ರಿಕ ಮೌಲ್ಯ ಎಂಬ ಕಲ್ಪನೆಯಲ್ಲಿದೆ. ತಾಣವೊಂದರ ಮಹತ್ತ್ವವು ದೇಶದ ಗಡಿಯನ್ನು ಮೀರಿದ್ದು, ಅದರ ನಷ್ಟವು ಮನುಕುಲಕ್ಕೇ ನಷ್ಟವಾಗುವಂತಿದ್ದರೆ ಅದಕ್ಕೆ ಈ ಮೌಲ್ಯವಿದೆಯೆಂದು ಅರ್ಥ. ಆದರೆ ಹಾಗೆಂದು ಹೇಳಿಕೊಂಡರೆ ಸಾಲದು, ಸಾಧಿಸಿ ತೋರಿಸಬೇಕು: ತಾಣದ ಎಲ್ಲೆಗಳ ನಕ್ಷೆ, ಇತಿಹಾಸ, ಇರುವ ಸ್ಥಿತಿ, ಕಾಯುವ ಕಾನೂನು, ನೋಡಿಕೊಳ್ಳುವ ವ್ಯವಸ್ಥೆ ಎಲ್ಲವನ್ನೂ ಸಲ್ಲಿಸಬೇಕು. ಈ ದೃಷ್ಟಿಯಿಂದ ಹಂಪಿಗೆ 1970 ಮತ್ತು 80ರ ದಶಕಗಳು ನಿರ್ಣಾಯಕವಾದವು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಮತ್ತು ಕರ್ನಾಟಕದ ಪುರಾತತ್ತ್ವ ಇಲಾಖೆಗಳು 1976ರಿಂದ ದೊಡ್ಡ ಪ್ರಮಾಣದ ಉತ್ಖನನವನ್ನು ಕೈಗೆತ್ತಿಕೊಂಡವು. ರಾಜ್ಯದ ಪುರಾತತ್ತ್ವ ನಿರ್ದೇಶಕರಾಗಿದ್ದ ಎಂ. ಎಸ್. ನಾಗರಾಜರಾಯರ ಆಹ್ವಾನ ಮತ್ತು ಸಹಕಾರದೊಂದಿಗೆ ಅಮೆರಿಕದ ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತು ಇತಿಹಾಸಕಾರ ಜಾರ್ಜ್ ಮಿಷೆಲ್ 1980ರಿಂದ ಎರಡು ದಶಕಗಳ ಕಾಲ ನೆಲದ ಮೇಲೆ ಕಾಣುವ ಪ್ರತಿಯೊಂದು ಅವಶೇಷವನ್ನೂ ಅಗೆಯದೆ ಅಳೆಯುವ ಕೆಲಸ ಮಾಡಿದರು.

ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ದಾಖಲೀಕರಣವೆಂದರೆ ಚಿತ್ರ ತೆಗೆಯುವುದಷ್ಟೇ ಎಂಬ ತಪ್ಪು ತಿಳಿವಳಿಕೆಯು ವ್ಯಾಪಕವಾಗಿದೆ. ಇಡೀ ನಗರಪ್ರದೇಶವನ್ನು ನಕ್ಷೆಯಲ್ಲಿ ಚೌಕಗಳಾಗಿ, ಆ ಚೌಕಗಳನ್ನು ಮತ್ತೆ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಕ್ಷರಗಳ ಹೆಸರಿಟ್ಟು, ಅದರೊಳಗಿನ ಗುಡಿ, ಮಂಟಪ, ಬಾವಿ, ಕೋಟೆಗೋಡೆ, ಬಂಡೆಯ ಮೇಲಿನ ಚಿಕ್ಕ ಉಬ್ಬುಶಿಲ್ಪ, ಕಂಬ ನಿಲ್ಲಿಸಲು ಕೊರೆದ ಗುಳಿ, ಸವೆದ ಮೆಟ್ಟಿಲು ಇವೆಲ್ಲಕ್ಕೂ ಒಂದೊಂದು ಸಂಖ್ಯೆಯನ್ನು ಕೊಡಲಾಯಿತು. ಪ್ರಸಿದ್ಧ ದೇವಾಲಯಕ್ಕೂ ಹೆಸರಿಲ್ಲದ ಕಲ್ಲುಕಟ್ಟೆಗೂ ಅದರಲ್ಲಿ ಒಂದೇ ಬಗೆಯ ಸ್ಥಾನ. ಹೀಗೆ ಸಣ್ಣಪುಟ್ಟವನ್ನೂ ಬಿಡದೆ ಜೋಡಿಸಿದಾಗ ಮೊದಲು ಯಾರಿಗೂ ಕಾಣದಿದ್ದ ನಗರದ ವಿನ್ಯಾಸವು ಹೊರಬಂತು. ಅರಮನೆಯ ಆವರಣದ ನಡುವಿರುವ ಹಜಾರರಾಮ ದೇವಾಲಯವು ಉತ್ತರದ ಮತಂಗಬೆಟ್ಟದೊಂದಿಗೆ ಒಂದೇ ರೇಖೆಯಲ್ಲಿ ನಿಂತಿದೆ. ದಾರಿಗಳೂ ಬಾಗಿಲುಗಳೂ ಆ ದೇವಾಲಯವನ್ನು ಕೇಂದ್ರವಾಗಿಟ್ಟುಕೊಂಡೇ ಸಾಗುತ್ತವೆ. ಅರಸನ ಅಧಿಕಾರವನ್ನು ರಾಮನ ಕಥೆಯೊಂದಿಗೂ, ಸುತ್ತಲಿನ ಬೆಟ್ಟಗಳನ್ನು ಕಿಷ್ಕಿಂಧೆಯೊಂದಿಗೂ ಬೆಸೆದ ಚಿಂತನೆಯು ಕಾವ್ಯದಲ್ಲಿ ಮಾತ್ರವಲ್ಲದೆ ನಗರದ ನಕ್ಷೆಯಲ್ಲೇ ಅಡಗಿತ್ತೆಂಬುದನ್ನು ತೋರಿಸಿಕೊಟ್ಟದ್ದು ಅಳತೆಪಟ್ಟಿಯ ಕೆಲಸ. ಮುಂದೆ ಪುರಾತತ್ತ್ವಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ನಡೆಸಿದ ಸಮೀಕ್ಷೆಯು ಕೋಟೆಯ ಹೊರಗಿನ ಹೊಲ, ಕೆರೆ, ಕಾಲುವೆ, ಹಳ್ಳಿಗಳತ್ತ ತಿರುಗಿ, ರಾಜಧಾನಿಗೆ ಅನ್ನವನ್ನು ಒದಗಿಸಿದ ನೆಲವನ್ನೂ ಇತಿಹಾಸದೊಳಕ್ಕೆ ತಂದಿತು.

ಆ ನೆಲದ ಬಗ್ಗೆ ಹೇಳುವುದು ಬಹಳವಿದೆ. ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದ ಅರಸರು ಕಟ್ಟಿಸಿದ ಒಡ್ಡುಗಳಿಂದ ಹೊರಟ ಕಾಲುವೆಗಳಲ್ಲಿ ಕೆಲವು ಇಂದಿಗೂ ಹರಿಯುತ್ತಿವೆ. ದೇವಾಲಯಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ಕಣಿವೆಯಲ್ಲಿ ಸಾಗುವ ತುರ್ತು ಕಾಲುವೆಯ ನೀರಿನಲ್ಲಿ ಬಾಳೆಯೂ ಭತ್ತವೂ ಬೆಳೆಯುತ್ತವೆ. ಅರಮನೆಗಳು ಪಾಳಾಗಿ ನಾಲ್ಕೂವರೆ ಶತಮಾನಗಳಾದರೂ ಅವುಗಳಿಗೆ ನೀರುಣಿಸಿದ ವ್ಯವಸ್ಥೆಯನ್ನು ರೈತರು ಕೈಬಿಡಲಿಲ್ಲ. ವಿರೂಪಾಕ್ಷನ ಪೂಜೆಯೂ ನಿಂತಿಲ್ಲ. ರಥೋತ್ಸವವು ಇಂದಿಗೂ ನಡೆಯುತ್ತದೆ. ಹಂಪಿಯನ್ನು ಬರಿಯ ಅವಶೇಷವೆಂದು ನೋಡುವವರು ಈ ನಿರಂತರತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮತ್ತು ಮುಂದೆ ಉಂಟಾದ ಹಲವು ತಿಕ್ಕಾಟಗಳಿಗೆ ಇದೇ ಕಾರಣ.

ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಾನವನ ಸೃಜನಶೀಲತೆಯ ಮೇರು ಕೃತಿ, ಅಳಿದುಹೋದ ನಾಗರಿಕತೆಯೊಂದರ ವಿಶಿಷ್ಟ ಸಾಕ್ಷ್ಯ, ಇತಿಹಾಸದ ಮಹತ್ತ್ವದ ಹಂತವನ್ನು ತೋರುವ ಕಟ್ಟಡ ಸಮೂಹ ಎಂಬ ಮೂರು ಮಾನದಂಡಗಳ ಮೇಲೆ ಅದನ್ನು ಆರಿಸಲಾಯಿತು. ಈ ಮಾತುಗಳು ಸರ್ಕಾರಿ ಭಾಷೆಯ ಒಣ ಮಾತುಗಳಂತೆ ತೋರಬಹುದು. ಅವುಗಳ ಹಿಂದಿರುವ ವಾಸ್ತವವು ಒಣದಲ್ಲ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಚೂಪುಟೋಪಿ ತೊಟ್ಟ ಗಡ್ಡಧಾರಿಗಳು ಕುದುರೆಗಳನ್ನು ನಡೆಸಿಕೊಂಡು ಬರುತ್ತಾರೆ. ಅರೇಬಿಯಾ ಮತ್ತು ಪರ್ಷಿಯಾದ ಕುದುರೆಗಳು ಹೋರ್ಮುಜಿನಿಂದ ಹಡಗೇರಿ ಭಟ್ಕಳ, ಗೋವೆಗಳ ಮೂಲಕ ಈ ನಗರಕ್ಕೆ ಬಂದ ವ್ಯಾಪಾರದ ಚಿತ್ರವದು. ಉತ್ಖನನಗಳಲ್ಲಿ ಚೀನಾದ ಪಿಂಗಾಣಿಯ ಚೂರುಗಳು ದೊರೆತಿವೆ. ಕಮಲ ಮಹಲಿನ ಕಮಾನುಗಳೂ ಆನೆಲಾಯದ ಗುಮ್ಮಟಗಳೂ ಬಹಮನಿ ಕಟ್ಟಡಕಲೆಯ ಕೈಯನ್ನು ತೋರಿಸಿದರೆ, ಅವುಗಳಿಂದ ಕೂಗಳತೆಯಲ್ಲಿ ಹಜಾರರಾಮನ ಗೋಡೆಗಳ ಮೇಲೆ ರಾಮಾಯಣವು ಸಾಲುಸಾಲಾಗಿ ಸಾಗುತ್ತದೆ. ಹೆರಾತ್, ವೆನಿಸ್, ಪೋರ್ಚುಗಲ್ಲುಗಳಿಂದ ಬಂದವರು ಒಂದೇ ನಗರವನ್ನು ಬಣ್ಣಿಸಿದ್ದಾರೆಂಬುದೇ ಅದು ಒಂದು ಜನಾಂಗದ ಖಾಸಗಿ ಸ್ವತ್ತಾಗಿರಲಿಲ್ಲವೆಂದು ಸಾರುತ್ತದೆ. ಹದಿನೈದು, ಹದಿನಾರನೆಯ ಶತಮಾನಗಳ ಹಿಂದೂ ಮಹಾಸಾಗರದ ವ್ಯಾಪಾರ ಮತ್ತು ಸಂಸ್ಕೃತಿಗಳ ಚರಿತ್ರೆಯನ್ನು ಹಂಪಿಯನ್ನು ಬಿಟ್ಟು ಬರೆದರೆ ಅದು ಅಪೂರ್ಣವಾಗುತ್ತದೆ.

ಪಟ್ಟಿಗೆ ಸೇರಿದ ಮಾತ್ರಕ್ಕೆ ರಕ್ಷಣೆ ಸಿಗಲಿಲ್ಲ. ತಳವಾರಘಟ್ಟದಿಂದ ಆನೆಗೊಂದಿಗೆ ವಾಹನಗಳ ತೂಗುಸೇತುವೆಯನ್ನೂ, ನದಿ ನಡುವಣ ನೆಲವಾದ ವಿರುಪಾಪುರಗಡ್ಡೆಗೆ ಕಾಲುಸೇತುವೆಯನ್ನೂ ಕಟ್ಟತೊಡಗಿದ್ದು, ಸಂರಕ್ಷಿತ ಮಂಟಪವೊಂದನ್ನು ಭಾಗಶಃ ಕಿತ್ತು ಸ್ಥಳಾಂತರಿಸಿದ್ದು, ತಾಣಕ್ಕೆ ಸಮಗ್ರ ನಿರ್ವಹಣಾ ಯೋಜನೆಯೇ ಇಲ್ಲದಿದ್ದುದು, ಇವುಗಳ ಕಾರಣದಿಂದ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ನದಿ ದಾಟಲು ಹರಿಗೋಲನ್ನೇ ನೆಚ್ಚಿದ್ದ ಆನೆಗೊಂದಿಯ ಜನರಿಗೆ ಸೇತುವೆ ಬೇಕಿತ್ತು. ಅವರ ಬೇಡಿಕೆಯು ನ್ಯಾಯವಾದದ್ದೇ. ತಪ್ಪಾದದ್ದು ಸ್ಥಳದ ಆಯ್ಕೆ ಮತ್ತು ಅದನ್ನು ನಿರ್ಧರಿಸುವ ಮುನ್ನ ತಾಣದ ನಕ್ಷೆಗಳನ್ನು ಬಿಚ್ಚಿ ನೋಡದಿದ್ದುದು. ರಾಜ್ಯವು 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು; 2006ರಲ್ಲಿ ಹಂಪಿಯು ಅಪಾಯದ ಪಟ್ಟಿಯಿಂದ ಹೊರಬಂತು; ಆನೆಗೊಂದಿಯ ಅರೆಬರೆ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಎರಡು ವರ್ಷಗಳ ನಂತರ, 2011ರ ಜುಲೈಯಲ್ಲಿ, ವಿರೂಪಾಕ್ಷ ದೇವಾಲಯದ ಮುಂದಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ನೆಲೆಸಿ ಅಂಗಡಿ, ಖಾನಾವಳಿ ನಡೆಸುತ್ತಿದ್ದ ನೂರಾರು ಕುಟುಂಬಗಳನ್ನು ತೆರವುಗೊಳಿಸಲಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ನೆಲ ತೋರಿಸಲಾಯಿತು. ಪ್ರಾಚೀನ ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು, ಕಲ್ಲಿಗೆ ಸುಣ್ಣಬಣ್ಣ ಬಳಿದದ್ದು ಸ್ಮಾರಕಕ್ಕೆ ಹಾನಿಕರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾಳುಬಿದ್ದ ರಾಜಬೀದಿಯಲ್ಲಿ ಜನರು ಯಾವಾಗ, ಹೇಗೆ ಬಂದು ನೆಲೆಸಿದರು, ಜಾತ್ರೆ ಮತ್ತು ಯಾತ್ರಿಕರೊಂದಿಗೆ ಅವರ ಬದುಕು ಹೇಗೆ ಹೆಣೆದುಕೊಂಡಿತ್ತು, ಯಾವ ಮನೆಯು ಯಾವ ಮಂಟಪವನ್ನು ಆಶ್ರಯಿಸಿತ್ತು ಎಂಬುದು ಕೂಡ ಹಂಪಿಯ ಇತಿಹಾಸವೇ. ಹೆಸರಿಲ್ಲದ ಕಲ್ಲುಕಟ್ಟೆಗೂ ಸಂಖ್ಯೆ ಕೊಟ್ಟ ಶಿಸ್ತನ್ನು ಆ ಮನೆಗಳಿಗೂ ಕೆಡಹುವ ಮುನ್ನ ಅನ್ವಯಿಸಬೇಕಿತ್ತು. ಸಾವಿರ ವರ್ಷಗಳಿಂದ ಪೂಜೆ ನಡೆಯುತ್ತಿರುವ ಊರೊಂದರಲ್ಲಿ ಹದಿನಾರನೆಯ ಶತಮಾನವೊಂದನ್ನೇ ಉಳಿಸಿ ನಂತರದ್ದನ್ನೆಲ್ಲ ಅಳಿಸುವ ಸಂರಕ್ಷಣೆಯು ಅರ್ಧ ಸಂರಕ್ಷಣೆ ಮಾತ್ರ.

ದಾಖಲೆಯ ಬೆಲೆಯು ಅವಘಡದ ಹೊತ್ತಿನಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಯುವಕರ ಗುಂಪೊಂದು ಹಂಪಿಯ ಕಂಬವೊಂದನ್ನು ಉರುಳಿಸುವ ದೃಶ್ಯವು 2019ರಲ್ಲಿ ಮೊಬೈಲುಗಳಲ್ಲಿ ಹರಿದಾಡಿದಾಗ ನಾಡೇ ಸಿಟ್ಟಿಗೆದ್ದಿತು. ನ್ಯಾಯಾಲಯವು ತಪ್ಪಿತಸ್ಥರಿಗೆ ದಂಡ ವಿಧಿಸಿತು, ಉರುಳಿಸಿದ ಕಂಬವನ್ನು ಮತ್ತೆ ನಿಲ್ಲಿಸಲಾಯಿತು. ವಿರೂಪಾಕ್ಷ ದೇವಾಲಯದ ಮುಂದಿನ ಸಾಲುಮಂಟಪದ ಒಂದು ಭಾಗವು 2024ರ ಮೇ ತಿಂಗಳ ಮ‌ಳೆಗೆ ಕುಸಿದಾಗ ಅದನ್ನು ಉರುಳಿಸಿದ ಕಿಡಿಗೇಡಿ ಯಾರೂ ಇರಲಿಲ್ಲ. ಮಳೆ, ಬೇರು, ಬುನಾದಿಯ ಸಡಿಲಿಕೆಗಳು ಕಿಡಿಗೇಡಿಗಳಿಗಿಂತ ಹೆಚ್ಚಿನ ಹಾನಿಯನ್ನು ಸದ್ದಿಲ್ಲದೆ ಮಾಡುತ್ತವೆ. ಬಿದ್ದ ಕಲ್ಲನ್ನು ಅದರ ಸ್ಥಾನದಲ್ಲೇ ಕೂಡಿಸಬೇಕಾದರೆ ಬೀಳುವ ಮುನ್ನ ಅದರ ಅಳತೆ, ಚಿತ್ರ, ವಾಲಿದ ಕೋನ, ಬಿರುಕಿನ ಅಗಲ ಇವು ಕಡತದಲ್ಲಿರಬೇಕು. ಇಲ್ಲದಿದ್ದರೆ ದುರಸ್ತಿಯು ಊಹೆಯ ಕೆಲಸವಾಗುತ್ತದೆ, ಊಹೆಯಿಂದ ಕಟ್ಟಿದ್ದು ಮುಂದಿನ ತಲೆಮಾರಿಗೆ ಮೂಲವೆಂದೇ ಸಲ್ಲುತ್ತದೆ.

ಯುನೆಸ್ಕೋದ ವಿವರಣೆಯ ಪ್ರಕಾರ ಹಂಪಿಯಲ್ಲಿ ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು. ಕೇಂದ್ರ ಮತ್ತು ರಾಜ್ಯದ ಕಾನೂನುಗಳ ಅಡಿಯಲ್ಲಿ ಸಂರಕ್ಷಿತ ಸ್ಮಾರಕಗಳೆಂದು ಹೆಸರಿಸಲಾಗಿರುವುದು ಅವುಗಳಲ್ಲಿ ಒಂದು ಚಿಕ್ಕ ಪಾಲು. ವಿಜಯನಗರ ಮತ್ತು ಕೊಪ್ಪಳ ಜಿಲ್ಲೆಗಳ ಹೊಲಗದ್ದೆಗಳ ನಡುವೆ ಚದುರಿರುವ ಉಳಿದವುಗಳಿಗೆ ಕಾವಲುಗಾರನೂ ಇಲ್ಲ, ನಾಮಫಲಕವೂ ಇಲ್ಲ. ಅವುಗಳಿಗಿರುವ ರಕ್ಷಣೆಯೆಂದರೆ ಸಂಶೋಧಕರ ನಕ್ಷೆಗಳಲ್ಲಿನ ಸಂಖ್ಯೆ ಮತ್ತು ಸುತ್ತಲಿನ ರೈತರ ನೆನಪು. ಆ ನಕ್ಷೆಗಳೂ ವರದಿಗಳೂ ಬಹುಪಾಲು ಇಂಗ್ಲಿಷಿನಲ್ಲಿವೆ, ದುಬಾರಿ ಪುಸ್ತಕಗಳಲ್ಲಿವೆ, ದೂರದ ಗ್ರಂಥಾಲಯಗಳಲ್ಲಿವೆ. ಅವು ಕನ್ನಡದಲ್ಲಿ ಅಚ್ಚಾಗಿ ಕಮಲಾಪುರ, ಹಂಪಿ, ಆನೆಗೊಂದಿ, ಬುಕ್ಕಸಾಗರಗಳ ಶಾಲೆಗಳಿಗೂ ಪಂಚಾಯಿತಿಗಳಿಗೂ ತಲುಪಬೇಕು. ಬಾವಿ ತೋಡುವ, ಮನೆ ಕಟ್ಟುವ, ರಸ್ತೆ ಅಗಲಿಸುವ ಅರ್ಜಿಯೊಂದು ಬಂದಾಗ ಅದನ್ನು ಪರಿಶೀಲಿಸುವ ಮೇಜಿನ ಮೇಲೆ ಆ ಹೊಲದ ಅವಶೇಷಗಳ ನಕ್ಷೆಯೂ ಇರಬೇಕು. ಈ ಕೆಲಸವನ್ನು ಪುರಾತತ್ತ್ವ ಇಲಾಖೆಗಳು, ಪ್ರಾಧಿಕಾರ ಮತ್ತು ಹಂಪಿಯ ನೆಲದಲ್ಲೇ 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಒಟ್ಟಾಗಿ ಕೈಗೆತ್ತಿಕೊಳ್ಳಬೇಕು, ಇನ್ನೊಂದು ಮಂಟಪ ಕುಸಿಯುವವರೆಗೆ ಕಾಯಬಾರದು.